ಬಟ್ಟಲಿನ ಎರಡು

"ಮುಖ ಸ್ವಲ್ಪ ಅಲ್ಲಾಡ್ಸೋ ಮಾರಾಯ. ನಾನೇನು ಕಲ್ಲಿನ ಜೊತೆ ಆಡ್ತಿದೀನಾ?"

ಕಾಸಿಮಿರೊ ಇಸ್ಪೀಟೆಲೆಗಳನ್ನು ಮೇಜಿನ ಮೇಲೆ ಕವುಚಿ ಹಾಕಿದ. ಎದುರಿಗೆ ಕೂತಿದ್ದ ಅಬೆಲಾರ್ದೊ ತಲೆ ತಗ್ಗಿಸಿದ. ಅವರಿಬ್ಬರು ಜೋಡಿಯಾಗಿ ಕೂತ ಮೊದಲ ಭಾನುವಾರ ಅದು. ಆಗಲೇ ಎರಡು ಆಟ ಸೋತಾಗಿತ್ತು.

ಕತ್ತಿ, ದೊಣ್ಣೆ, ಬಟ್ಟಲು, ನಾಣ್ಯ ಎಂಬ ನಾಲ್ಕು ಗುರುತಿನ ಎಲೆಗಳಲ್ಲಿ ಆಡುವ ತ್ರೂಕೊದಲ್ಲಿ, ಕೈಯಲ್ಲಿರುವ ಎಲೆ ಯಾವುದೆಂದು ಜೊತೆಗಾರನಿಗೆ ಮುಖದಲ್ಲೇ ಹೇಳಬೇಕು. ಕತ್ತಿಯ ಎಕ್ಕ ಇದ್ದರೆ ಹುಬ್ಬು ಏರಿಸಬೇಕು, ದೊಣ್ಣೆಯ ಎಕ್ಕಕ್ಕೆ ಕಣ್ಣು ಹೊಡೆಯಬೇಕು, ಮೂರಕ್ಕೆ ಕೆಳತುಟಿ ಕಚ್ಚಬೇಕು, ಎರಡಕ್ಕೆ ಮುತ್ತು ಕೊಡುವವನ ಹಾಗೆ ತುಟಿ ಮುಂದೆ ಮಾಡಬೇಕು. ಅದೂ ಎದುರಾಳಿಗಳ ಕಣ್ಣಿಗೆ ಬೀಳದಂತೆ. ರೈಲು ನಿಲ್ದಾಣದ ಎದುರಿನ ಅಂಗಡಿಯಲ್ಲಿ ದನ ಕಾಯುವವರು, ಟ್ರ್ಯಾಕ್ಟರ್ ಓಡಿಸುವವರು, ಆರಾರು ಮಕ್ಕಳ ಅಪ್ಪಂದಿರು ಭಾನುವಾರ ಊಟವಾದ ಮೇಲೆ ಒಬ್ಬರಿಗೊಬ್ಬರು ಕಣ್ಣು ಹೊಡೆದುಕೊಂಡು, ಮುತ್ತು ಎಸೆದುಕೊಂಡು ಕೂತಿರುತ್ತಿದ್ದರು. ಈಗ ಆ ಅಂಗಡಿ ಗೊಬ್ಬರದ ಗೋದಾಮು. ಅಲ್ಲಿ ಹಾದುಹೋಗುವಾಗ ಆ ಗಲಾಟೆ ಕೇಳಬೇಕೆಂದು ನನಗೆ ಇವತ್ತಿಗೂ ಆಸೆಯಾಗುತ್ತದೆ.

ಅಬೆಲಾರ್ದೊ ಜೇನು ಸಾಕುವವನು. ವಯಸ್ಸು ಮೂವತ್ತನಾಲ್ಕು. ಅವನ ಮನಸ್ಸು ಗಂಡಸರ ಕಡೆಗೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಮೂರು ವರ್ಷ ಅವನ ಮನೆಯಲ್ಲೇ ಇದ್ದ ಶಾಲಾಮೇಷ್ಟ್ರು ವರ್ಗವಾಗಿ ಬಸ್ಸು ಹತ್ತಿದ ದಿನ, ಬಸ್ಸು ಹೋಗಿ ಎಷ್ಟೋ ಹೊತ್ತಿನ ತನಕ ಇವನು ರಸ್ತೆಯಲ್ಲೇ ನಿಂತಿದ್ದನ್ನು ನೋಡದವರಿಲ್ಲ. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೇ ವಾಸಿಯಿತ್ತೇನೋ. ಪಾದ್ರಿಯನ್ನು ಡುಮ್ಮ ಎನ್ನುವ, ಸ್ವಂತ ಅಳಿಯನನ್ನು ಕಳ್ಳ ಎಂದು ಕರೆಯುವ ಆ ಅಂಗಡಿಯಲ್ಲಿ ಇವನೊಬ್ಬನಿಗೆ ಮಾತ್ರ "ದೋನ್ ಅಬೆಲಾರ್ದೊ" ಎಂಬ ಗೌರವದ ಕರೆ. ಜೇನಿನ ಡಬ್ಬ ಇಳಿಸಲು ಬಂದರೆ ಎಲ್ಲರೂ ಟೋಪಿ ಮುಟ್ಟಿ ನಮಸ್ಕರಿಸುವರು, ಮಾತು ನಿಲ್ಲಿಸುವರು, ಅವನು ಹೊರಟ ಮೇಲೆ ಮತ್ತೆ ಶುರು ಮಾಡುವರು. ಅಷ್ಟು ಮರ್ಯಾದೆ ಶತ್ರುವಿಗೂ ಬೇಡ. ಅವನೂ ಜನರ ಮುಂದೆ ಮುಖವನ್ನು ಅಲ್ಲಾಡದಂತೆ ಇಟ್ಟುಕೊಳ್ಳುವುದನ್ನು ಕಲಿತುಬಿಟ್ಟಿದ್ದ.

ಆ ಚಳಿಗಾಲದಲ್ಲಿ ಪೊನ್ಸಿಯಾನೊ ತೀರಿಕೊಂಡ. ಬೇಲಿಗೆ ತಂತಿ ಕಟ್ಟುವ ಕಾಸಿಮಿರೊನಿಗೆ ಇಪ್ಪತ್ತೆರಡು ವರ್ಷ ತ್ರೂಕೊ ಜೊತೆಗಾರನಾಗಿದ್ದವನು. ಎರಡು ತಿಂಗಳು ಮುದುಕ ಕಾಸಿಮಿರೊ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಆಮೇಲೊಂದು ದಿನ ಜೇನುಪೆಟ್ಟಿಗೆಗಳ ಹತ್ತಿರ ನೆಟ್ಟಗೆ ಬಂದು, "ಆಟ ಬರುತ್ತೇನೋ?" ಎಂದ. ಅಪ್ಪನ ಜೊತೆ ಆಡುತ್ತಿದ್ದೆ ಎಂದ ಅಬೆಲಾರ್ದೊ. "ಹಾಗಾದ್ರೆ ಒಂದು ಭಾನುವಾರ ನೋಡೋಣ. ಸರಿ ಹೋಗ್ಲಿಲ್ಲ ಅಂದ್ರೆ ಬೇರೆಯವ್ರನ್ನ ಹುಡುಕ್ತೀನಿ, ಬೇಜಾರು ಮಾಡ್ಕೋಬೇಡ."

ಆ ಭಾನುವಾರವನ್ನು ಈಗ ಅಬೆಲಾರ್ದೊ ಹಾಳು ಮಾಡುತ್ತ ಕೂತಿದ್ದ.

"ಕೇಳಿಲ್ಲಿ," ಕಾಸಿಮಿರೊ ಮುಂದಕ್ಕೆ ಬಾಗಿ ದನಿ ತಗ್ಗಿಸಿದ. "ನೀನು ಎಂಥವನು ಅಂತ ನಂಗೂ ಗೊತ್ತು, ಇಲ್ಲಿರೋರಿಗೂ ಗೊತ್ತು. ನಿನ್ನ ಕೈಲಿ ಯಾವ ಎಲೆ ಇದೆ ಅನ್ನೋದೊಂದೇ ನಂಗೆ ಗೊತ್ತಾಗ್ತಿಲ್ಲ."

ಮೂರನೆಯ ಆಟ. ಮೂವತ್ತು ಅಂಕ ಆದವರು ಗೆದ್ದಂತೆ. ಎರಡೂ ಕಡೆ ಅಂಕಕ್ಕೊಂದರಂತೆ ಇಪ್ಪತ್ತೆಂಟು ಜೋಳದ ಕಾಳು ಕೂಡಿದ್ದವು. ಎದುರಾಳಿ ಕಟುಕ ತಿಬುರ್ಸಿಯೊ ಎಲೆ ನೋಡಿಕೊಂಡವನೇ, "ತ್ರೂಕೊ" ಎಂದು ಪಂಥ ಕಟ್ಟಿ ಮೇಜು ಗುದ್ದಿದ. ಅವನ ಜೊತೆಗಾರನಾದ ಭಾವಮೈದ ನಕ್ಕ. ಒಪ್ಪಿದರೆ ಗೆದ್ದವರಿಗೆ ಎರಡು ಕಾಳು, ಅಲ್ಲಿಗೆ ಆಟ ಮುಗಿಯಿತು. ಬಿಟ್ಟುಕೊಟ್ಟರೆ ಹೋಗುವುದು ಒಂದೇ ಕಾಳು.

ಕಾಸಿಮಿರೊ ಎದುರಿಗೆ ನೋಡಿದ. ಅಬೆಲಾರ್ದೊನ ಕೈಯಲ್ಲಿದ್ದದ್ದು ಎರಡು ಕೆಲಸಕ್ಕೆ ಬಾರದ ಎಲೆ, ಮತ್ತು ಬಟ್ಟಲಿನ ಎರಡು. ಅವನ ಕಿವಿ ಕೆಂಪಾದವು. ಕಣ್ಣು ಮುಚ್ಚಿಕೊಂಡು ತುಟಿ ಮುಂದೆ ಚಾಚಿದ.

ರೂಢಿ ಇಲ್ಲದವನು. ಎಷ್ಟು ಮಾಡಬೇಕು, ಎಷ್ಟು ಹೊತ್ತು ಮಾಡಬೇಕು ಎಂಬ ಅಂದಾಜೇ ಇರಲಿಲ್ಲ. ಮಗುವಿನ ಕೆನ್ನೆಗೆ ಅಜ್ಜಿ ಕೊಡುವಂಥ ದೊಡ್ಡ ಮುತ್ತು ಅದು. ಕಣ್ಣು ಬಿಟ್ಟಾಗ ತಿಬುರ್ಸಿಯೊ ನೋಡುತ್ತಿದ್ದ, ಭಾವಮೈದ ನೋಡುತ್ತಿದ್ದ, ಗಲ್ಲಾದ ಹತ್ತಿರ ನಿಂತವರೂ ನೋಡುತ್ತಿದ್ದರು. ಅಬೆಲಾರ್ದೊನ ಕಾಲು ಎದ್ದು ಹೋಗಲು ತಯಾರಾದವು.

ಕಾಸಿಮಿರೊ ತನ್ನ ಎಲೆಗಳನ್ನು ನೋಡಿಕೊಂಡ. ಅವನ ಹತ್ತಿರ ಏನೂ ಇರಲಿಲ್ಲ. ಜೊತೆಗಾರನ ಎಲೆಯೋ, ಈಗ ಊರಿಗೇ ಗೊತ್ತು. ಬಿಟ್ಟುಕೊಡುವುದೇ ಬುದ್ಧಿವಂತಿಕೆಯಾಗಿತ್ತು.

"ಒಪ್ಪಿದೆ," ಎಂದ. "ನನ್ನ ಜೊತೆಗಾರ ಸೂಚನೆ ಕೊಟ್ಟಿದಾನೆ."

ಸೋತರು. ಸೋಲದೆ ಇನ್ನೇನು. ತಿಬುರ್ಸಿಯೊ ತನ್ನ ಮೂರನ್ನು ಬಟ್ಟಲಿನ ಎರಡರ ಮೇಲೆ ಬಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಅಲ್ವೋ ಕತ್ತೆ, ಜುಜುಬಿ ಎರಡಕ್ಕೆ ಅಷ್ಟು ದೊಡ್ಡ ಮುತ್ತಾ? ಪಕ್ಕದೂರಿನವ್ರಿಗೂ ಕಾಣ್ಸಿರ್ಬೇಕು."

"ನನ್ನ ಹೆಂಡ್ತಿ ಮದುವೆ ದಿನಾನೂ ಅಂಥದ್ದು ಕೊಟ್ಟಿಲ್ಲ," ಎಂದ ಭಾವಮೈದ.

"ನಿನ್ನ ಮೂತಿಗೆ ಯಾರು ಕೊಡ್ತಾರೆ?" ಎಂದುಬಿಟ್ಟ ಅಬೆಲಾರ್ದೊ. ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೇ ಗಾಬರಿಯಾಯಿತು. ಅಂಗಡಿಯೆಲ್ಲ ಗೊಳ್ಳೆಂದಿತು.

ಕಾಸಿಮಿರೊ ಮಾತ್ರ ನಗಲಿಲ್ಲ. "ಪೊನ್ಸಿಯಾನೊ ಮೊದ್ಲ ವರ್ಷ ಇನ್ನೂ ಕೆಟ್ಟದಾಗಿ ಆಡ್ತಿದ್ದ," ಎಂದು ಎಲೆಗಳನ್ನು ಒಟ್ಟು ಮಾಡಿ ಅಬೆಲಾರ್ದೊನ ಮುಂದೆ ತಳ್ಳಿದ. "ಹಂಚು. ಮುಂದಿನ ವಾರ ಬೇಗ ಬಾ, ಕನ್ನಡಿ ಮುಂದೆ ಕೂರಿಸಿ ಕಲಿಸ್ತೀನಿ."

ಅಬೆಲಾರ್ದೊ ಹಂಚತೊಡಗಿದ. ಮೂರನೆಯ ಎಲೆ ಜಾರಿ, ಮಗುಚಿ, ಮೇಜಿನ ನಟ್ಟನಡುವೆ ಮುಖ ತೋರಿಸಿಕೊಂಡು ಬಿತ್ತು. ಮೂವರೂ ಒಟ್ಟಿಗೆ ಅವನನ್ನು ಬೈದರು.