ಸರ್ವಮಂಗಳಾ ಹಾಕದ ಸಹಿ

ಹಾಳೆಯ ಮೇಲೆ ಸರಿಯುತ್ತಿದ್ದ ಸರ್ವಮಂಗಳಾ ಅವರ ತೋರುಬೆರಳು ಥಟ್ಟನೆ ನಿಂತಿತು. ಹಿಂದಕ್ಕೆ ಹೋಗಿ ಅದೇ ಸಾಲನ್ನು ಮತ್ತೊಮ್ಮೆ ತಡವಿತು.

"ಇದಕ್ಕೆ ಸಹಿ ಹಾಕಲ್ಲ," ಎಂದರು.

ನಮ್ಮೂರಿನ ಬ್ರೈಲ್ ಮುದ್ರಣಾಲಯದಲ್ಲಿ ಅವರು ಇಪ್ಪತ್ತೆರಡು ವರ್ಷಗಳಿಂದ ಕರಡು ತಿದ್ದುತ್ತಿದ್ದರು. ಅವರ ಸಹಿಯಿಲ್ಲದೆ ಯಾವ ಪುಸ್ತಕವೂ ಶಾಲೆಗೆ ಹೋಗುತ್ತಿರಲಿಲ್ಲ. ಹುಟ್ಟಿನಿಂದಲೇ ಕಣ್ಣು ಕಾಣದವರು. ಕನ್ನಡವನ್ನು ಚುಕ್ಕೆಗಳಿಗೆ ತಿರುಗಿಸುವ ನಮ್ಮ ತಂತ್ರಾಂಶ ಬಹಳ ಹಳೆಯದು. ಅದು ಓಡುತ್ತಿದ್ದ ಕಂಪ್ಯೂಟರ್ ಕೆಟ್ಟು ಮೂಲೆ ಸೇರಿತ್ತು. ಹೊಸ ಕಂಪ್ಯೂಟರಿನಲ್ಲೂ ಅದು ಹಳೆಯದರಲ್ಲೇ ಇದ್ದೇನೆಂದು ನಂಬಿ ಕೆಲಸ ಮಾಡುವಂತೆ ನಡುವೆ ಪದರದಂತೆ ಇನ್ನೊಂದು ಸಣ್ಣ ತಂತ್ರಾಂಶ ಬರೆದುಕೊಟ್ಟವನು ನಾನು. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಏಳನೇ ತರಗತಿಯ ಗಣಿತ ಪುಸ್ತಕದಲ್ಲಿ ತಪ್ಪಿದೆಯೆಂದು ಅವರು ಹೇಳಿದ್ದು ಅದು ಮೂರನೇ ಸಲ. ಪ್ರತಿ ಸಲವೂ ನಾನು ಆ ಪುಟವೊಂದನ್ನೇ ಮತ್ತೆ ಅಚ್ಚು ಹಾಕಿಸುತ್ತಿದ್ದೆ. ಆಗ ಅವರ ಬೆರಳಿಗೂ ಎಲ್ಲ ಸರಿಯಾಗಿಯೇ ಸಿಗುತ್ತಿತ್ತು.

"ಬೆರಳು ದಣಿದಿರಬೇಕು, ಮೇಡಂ," ಎಂದೆ.

"ನಿಮ್ಮ ಕಂಪ್ಯೂಟರಿಗೆ ದಣಿವಿಲ್ಲ, ನಿಮ್ಮ ಕಣ್ಣಿಗೂ ಇಲ್ಲ. ನನ್ನ ಬೆರಳಿಗೆ ಮಾತ್ರ ದಣಿವು, ಅಲ್ವಾ?"

ಶಾಲೆ ತೆರೆಯಲು ಹತ್ತೇ ದಿನ ಉಳಿದಿತ್ತು. ವ್ಯವಸ್ಥಾಪಕ ತಿಪ್ಪೇರುದ್ರಪ್ಪನವರು ಈ ತಪ್ಪುಗಳ ಬಗ್ಗೆ ನಾನು ಕೊಟ್ಟ ವರದಿಯನ್ನು ಅವರೆದುರೇ ಗಟ್ಟಿಯಾಗಿ ಓದಿದರು. ಅದರಲ್ಲಿ 'ಕರಡು ತಿದ್ದುವವರ ಸ್ಪರ್ಶದೋಷ' ಎಂದು ಬರೆದಿದ್ದೆ.

"ಸಹಿ ಹಾಕಿ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ."

"ನೋಡ್ಕೊಳ್ಳಿ ಸಾರ್. ಆದ್ರೆ ಓದೋಕೆ ಬರೋರನ್ನ ನೋಡಿ," ಎಂದ ಸರ್ವಮಂಗಳಾ ಹಾಳೆಯನ್ನು ನನ್ನತ್ತ ತಳ್ಳಿದರು. "ನೀವು ಇದನ್ನ ಒಂದ್ಸಲನಾದ್ರೂ ಓದಿದೀರಾ?"

ಓದಿರಲಿಲ್ಲ. ಪರದೆಯ ಮೇಲಿನ ಅಕ್ಷರ ನೋಡಿಯೇ ತೀರ್ಪು ಕೊಟ್ಟಿದ್ದೆ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಗೋಡೆಯ ಮೇಲಿದ್ದ ಬ್ರೈಲ್ ವರ್ಣಮಾಲೆ ನೋಡಿಕೊಂಡು ಅಕ್ಷರಕ್ಕೆ ಅಕ್ಷರ ಕೂಡಿಸಿದೆ. 'ಒಂದು ರೈಲು ಮೂರು ಗಂಟೆಗಳಲ್ಲಿ' ಎಂದು ಲೆಕ್ಕ ಶುರುವಾಗಿತ್ತು. ಮುಂದಿನ ಸಾಲು, 'ಕಪ್ಪೆಯ ಹೃದಯಕ್ಕೆ ಮೂರು ಕೋಣೆಗಳಿವೆ.'

ಪಕ್ಕದ ಯಂತ್ರದಲ್ಲಿ ಆ ದಿನ ಅಚ್ಚಾಗುತ್ತಿದ್ದುದು ವಿಜ್ಞಾನದ ಪುಸ್ತಕ.

"ತಪ್ಪು ಬಂದ ಮೂರು ದಿನವೂ ಎರಡು ಯಂತ್ರದ ಸದ್ದು ಒಟ್ಟಿಗೇ ಶುರುವಾಗಿತ್ತು," ಎಂದರು ಅವರು. "ಕೇಳಿದ್ರೆ ಅವತ್ತೇ ಹೇಳ್ತಿದ್ದೆ."

ಎರಡು ಪುಸ್ತಕಗಳನ್ನೂ ಒಟ್ಟಿಗೆ ಕಳಿಸಿ ಪರೀಕ್ಷಿಸುತ್ತ ಹೋದೆ. ನಲವತ್ತೇಳನೇ ಸಲ ಕಪ್ಪೆ ಮತ್ತೆ ರೈಲು ಹತ್ತಿತು. ಹಳೆಯ ಕಂಪ್ಯೂಟರ್ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತಿತ್ತು. ಹೊಸದು ಎರಡು ಪುಸ್ತಕಗಳನ್ನೂ ಅಕ್ಕಪಕ್ಕ ನಡೆಸುತ್ತಿತ್ತು. ಅಚ್ಚಿಗೆ ಮೊದಲು ಎರಡೂ ತಮ್ಮ ಸಾಲುಗಳನ್ನು ಇಡುವ ಜಾಗ ಮಾತ್ರ ಒಂದೇ. ಎರಡೂ ಒಂದೇ ಕ್ಷಣ ಅಲ್ಲಿಗೆ ಬಂದರೆ ಒಂದರ ಸಾಲು ಇನ್ನೊಂದರ ಪಾಲಾಗುತ್ತಿತ್ತು. 'ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯಿರಿ' ಎಂಬ ಕಟ್ಟಳೆಯನ್ನು ನನ್ನ ಪದರ ಹಾಕಬೇಕಿತ್ತು. ನಾನು ಮರೆತಿದ್ದೆ.

ತಿದ್ದಿದ ಮೇಲೆ ಇನ್ನೂರು ಸಲ ಓಡಿಸಿದರೂ ತಪ್ಪು ಬರಲಿಲ್ಲ.

"ಸರಿಹೋಯ್ತಲ್ಲ, ಈಗ ಹಾಕಿ," ಎಂದರು ತಿಪ್ಪೇರುದ್ರಪ್ಪ.

"ಮೊದಲು ಆ ವರದಿ ಸರಿಹೋಗಲಿ. ನಾನೇ ಓದೋ ಹಾಗೆ ಇವರು ಬರೀಲಿ, ಕೈಯಲ್ಲೇ," ಎಂದರು ಸರ್ವಮಂಗಳಾ.

ಬ್ರೈಲ್ ಬರೆಯುವ ಉಕ್ಕಿನ ಪಟ್ಟಿಗೆ ಕಾಗದ ಸಿಕ್ಕಿಸಿ, ತಿರುಗಿಸಿದಾಗ ಓದಲು ಬರುವಂತೆ ಬಲದಿಂದ ಎಡಕ್ಕೆ ಮೊಳೆಯಿಂದ ಒಂದೊಂದೇ ಚುಕ್ಕೆ ಚುಚ್ಚುತ್ತ ನಾಲ್ಕು ಸಾಲು ಬರೆಯಲು ನನಗೆ ಇಡೀ ಮಧ್ಯಾಹ್ನ ಹಿಡಿಯಿತು. 'ದೋಷ ನನ್ನದು' ಎಂಬಲ್ಲಿಗೆ ಬರುವಾಗ ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತ್ತು. ಅವರು ಕೊನೆಯವರೆಗೂ ಓದಿದರು.

"ನನ್ನ ಹೆಸರಲ್ಲಿ ಒಂದು ಚುಕ್ಕೆ ಕಡಿಮೆ," ಎಂದು ಹಿಂದಿರುಗಿಸಿದರು.

ನಾನು ಇನ್ನೊಂದು ಹಾಳೆ ಸಿಕ್ಕಿಸಿಕೊಂಡೆ.