ಬಾಗಿಲು ತೆಗಿ, ಲೈಟು ತೆಗಿ

ಹತ್ತೂ ನಲವತ್ತರಿಂದ ಹನ್ನೊಂದರವರೆಗೆ ಮುಹೂರ್ತ. ಗಂಟೆ ಹತ್ತೂ ಮುಕ್ಕಾಲಾದರೂ ಮಹದೇವಪುರದ ಮುನಿಯಣ್ಣನ ಹೊಸ ಮನೆಯ ಬಾಗಿಲು ಜಪ್ಪಯ್ಯ ಅಂದರೂ ತೆರೆಯಲೊಲ್ಲದು. ಹೊಸ್ತಿಲ ಮುಂದೆ ಅರಿಶಿನ ಕುಂಕುಮ ಹಚ್ಚಿಸಿಕೊಂಡ ಕೆಂಪಿ ಹಸು, ಅದರ ಹಿಂದೆ ಪುರೋಹಿತರು, ಅವರ ಹಿಂದೆ ಇನ್ನೂರು ಜನ ನೆಂಟರು.

"ಬಾಗ್ಲು ತೆಗಿ!" ಎಂದು ಮುನಿಯಣ್ಣ ಗಂಟಲು ಹರಿಯುವಂತೆ ಕೂಗಿದ. ಗೋಡೆಯ ಮೇಲಿನ, ಮಾತು ಕೇಳಿ ಕೆಲಸ ಮಾಡುವ ಡಬ್ಬಿ 'ಟಿಂಗ್' ಎಂದಿತು. ಬೀಗ ಕಟಕ್ಕನೆ ಇನ್ನೊಂದು ಸುತ್ತು ಬಿಗಿಯಿತು.

ಆ ಡಬ್ಬಿ ಕೂರಿಸಿದ ಭಾಗ್ಯಶ್ರೀ ನೆಂಟರನ್ನು ಸರಿಸಿಕೊಂಡು ಮುಂದೆ ಬಂದಳು. ಗದಗಿನಿಂದ ಬಂದು ಪೀಣ್ಯದ ಸಣ್ಣ ಕಾರ್ಖಾನೆಯಲ್ಲಿ ಮೂರು ವರ್ಷ ಬೆಸುಗೆ ಮೇಜಿಗೆ ಅಂಟಿಕೊಂಡಿದ್ದವಳು ಅವಳು. ಹೇಳಿದ ಮಾತು ಕೇಳುವ ಮನೆ ಮಾಡಿಕೊಡುವ ಕೆಲಸ ಇದೇ ಮೊದಲು. "ಇದು ಕೆಟ್ರೆ ನಾಳೆಯಿಂದ ಮತ್ತೆ ಬೆಸುಗೆ ಮೇಜೇ ಗತಿ ಕಣಮ್ಮ" ಎಂದು ಮಾಲೀಕ ರಾಜೇಂದ್ರ ಹೇಳಿಯೇ ಕಳಿಸಿದ್ದ.

ಬಾಗಿಲಿನ ಬಟನ್ ಒಳಗಿದೆ. ಬೀಗದಕೈಯನ್ನು ಪೂಜೆಗೆಂದು ದೇವರ ಮನೆಯ ತಟ್ಟೆಯಲ್ಲಿಟ್ಟಿದ್ದಾರೆ, ಅದೂ ಒಳಗೇ. ನಿನ್ನೆ ಅವಳು ಬಾಗಿಲನ್ನು ಬಟನ್ ಒತ್ತಿ ನೋಡಿದ್ದಳೇ ಹೊರತು ಬಾಯಲ್ಲಿ ಹೇಳಿ ನೋಡಿರಲಿಲ್ಲ. ಎಂಥ ಎಡವಟ್ಟು!

"ಇನ್ನ ಸ್ವಲ್ಪ ತಡೀರಿ, ನೋಡ್ತೀನ್ರಿ" ಎಂದು ಫೋನು ಹಿಡಿದು ಕೂತಳು. ಕೆಂಪಿ ಅವಳ ದುಪ್ಪಟ್ಟಾ ಮೇಯತೊಡಗಿತು.

ಮುನಿಯಣ್ಣನ ಹೆಂಡತಿ ಸುಬ್ಬಲಕ್ಷ್ಮಮ್ಮನ ಸಹನೆ ಕಟ್ಟೊಡೆಯಿತು. "ಇಂಗಾಗೋದಾದ್ರೆ ಹಳೇ ಮನೆಗೇ ಓಗಿ ಬಾಗ್ಲು ಹಾಕು ಅನ್ಬೇಕು ಅಷ್ಟೇ!"

ಟಿಂಗ್. ಬಾಗಿಲು ಹಾರುಹೊಡೆದು ತೆರೆದುಕೊಂಡಿತು.

ಇನ್ನೂರು ಬಾಯಿ ಒಟ್ಟಿಗೇ "ಆ!" ಎಂದವು. ಮುನಿಯಣ್ಣ ಖುಷಿ ತಾಳಲಾರದೆ "ನೋಡ್ರೋ, ಈಗ ಬಾಗ್ಲು ತೆಗೀತು!" ಎಂದ. ಬಾಗಿಲು ಕೆಂಪಿಯ ಮೂತಿಯ ಮುಂದೆಯೇ ದಢಾರನೆ ಮುಚ್ಚಿಕೊಂಡಿತು.

ಭಾಗ್ಯಶ್ರೀಗೆ ನಗು ತಡೆಯಲಾಗಲಿಲ್ಲ. ಆನ್, ಆಫ್ ಅನ್ನೋದೆಲ್ಲ ತನಗೆ ಬರೋಲ್ಲ, ಲೈಟ್ ಹಾಕು, ಲೈಟ್ ತೆಗಿ ಅಂದರೆ ಸಾಕು ಎಂದಿದ್ದವರು ಸುಬ್ಬಲಕ್ಷ್ಮಮ್ಮನೇ. ಅದರಂತೆ 'ಹಾಕು' ಎಂದರೆ ಒಂದು, 'ತೆಗಿ' ಎಂದರೆ ಸೊನ್ನೆ ಎಂದು ಭಾಗ್ಯಶ್ರೀ ಇಡೀ ಮನೆಗೆ ಬರೆದುಬಿಟ್ಟಿದ್ದಳು. ಒಂದು ಹೋದರೆ ಲೈಟು ಹತ್ತುತ್ತದೆ, ಬಾಗಿಲು ತೆರೆಯುತ್ತದೆ. ಸೊನ್ನೆ ಹೋದರೆ ಲೈಟು ಆರುತ್ತದೆ, ಬಾಗಿಲು ಮುಚ್ಚುತ್ತದೆ. ಕನ್ನಡದಲ್ಲಿ ಲೈಟು ಹಾಕಿದರೆ ಬೆಳಕು, ಬಾಗಿಲು ಹಾಕಿದರೆ ಬೀಗ. ಪಾಪ, ಡಬ್ಬಿಗೇನು ಗೊತ್ತು!

"ಹಂಗಾರ ಇನ್ನೊಂದ್ಸಲ ಹಾಕು ಅಂದ್ಬಿಡ್ರಿ, ತೆಗೀತೈತಿ!" ಎಂದಳು.

"ಬಿಡ್ತು ಅನ್ನು!" ಸುಬ್ಬಲಕ್ಷ್ಮಮ್ಮ ಕೆನ್ನೆ ಬಡಿದುಕೊಂಡರು. "ಸಿಟ್ಟಲ್ಲಿ ಒಂದ್ಸಲ ಬಾಯ್ತಪ್ಪಿ ಬಂತು. ಗೃಹಪ್ರವೇಶದ ಒತ್ನಲ್ಲಿ ಯಾರಾದ್ರೂ ಬೇಕಂತ್ಲೇ ಅಂಗಂತಾರೇನೇ?" ಪುರೋಹಿತರೂ ಹೌದೌದೆಂದು ತಲೆಯಾಡಿಸಿದರು.

ಇನ್ನು ನಾಲ್ಕೇ ನಿಮಿಷ. ಭಾಗ್ಯಶ್ರೀ ಫೋನಿನಲ್ಲಿ ಡಬ್ಬಿಯ ಮಾತುಗಳ ಪಟ್ಟಿ ತೆರೆದು ಬಾಗಿಲಿಗೆಂದೇ ಬೇರೆ ಸಾಲು ಬರೆದಳು: ತೆಗಿ ಒಂದು, ಹಾಕು ಸೊನ್ನೆ. ಅವಸರಕ್ಕೆ ಎರಡು ಸಲ ತಪ್ಪಿತು. ಮೂರನೆಯ ಸಲ ಕೂತಿತು. ಈಗ ಹೇಳುವವರು ಯಾರು? ಮುನಿಯಣ್ಣ ಬಾಯಿಗೆ ಟವಲು ಮುಚ್ಚಿಕೊಂಡು ನಿಂತಿದ್ದ.

"ಬಾಗಿಲಾ ತೆಗಿಯವ್ವಾ!" ಎಂದು ಅವಳೇ ಗದಗಿಗೆ ಕೇಳಿಸುವಂತೆ ಕೂಗಿದಳು.

ಟಿಂಗ್. ಬಾಗಿಲು ತೆರೆಯಿತು. ಓಲಗ ಮೊಳಗಿತು. ಕೆಂಪಿ ದುಪ್ಪಟ್ಟಾದ ತುಂಡಿನ ಸಮೇತ ಒಳಗೆ ನಡೆದು, ಹೊಳೆಯುವ ಬಿಳಿ ಟೈಲ್ಸಿನ ನಟ್ಟನಡುವೆ ಸಗಣಿ ಹಾಕಿತು. "ಲಕ್ಷ್ಮೀ ಬಂದ್ಲು!" ಎಂದು ನೆಂಟರೆಲ್ಲ ಕೇಕೆ ಹಾಕಿದರು. ಸುಬ್ಬಲಕ್ಷ್ಮಮ್ಮ ಭಾಗ್ಯಶ್ರೀಯ ಬಾಯಿಗೆ ಒಂದು ಇಡೀ ಲಾಡು ತುರುಕಿ, "ನಮ್ಮ ತಂಗಿ ಮನೆಗೂ ನೀನೇ ಬರ್ಬೇಕು ಕಣವ್ವ" ಎಂದರು.

ಅಷ್ಟರಲ್ಲಿ ರಾಜೇಂದ್ರನ ಫೋನು ಬಂತು. "ಏನಮ್ಮ, ಬಾಗ್ಲು ತೆಗೀತಾ?"

"ತೆಗೀತ್ರಿ ಸರ್" ಎಂದಳು ಭಾಗ್ಯಶ್ರೀ, ಲಾಡು ನುಂಗುತ್ತ, ನಗುತ್ತ. "ನೀವೀಗ ನನ್ನ ಬೆಸುಗೆ ಮೇಜಿನ ಲೈಟ್ ತೆಗದ್ಬಿಡ್ರಿ."