ಕಣ್ಣು ತಪ್ಪಿಸಿ

ಎಡಗಾಲಿನ ಬೂಟು ಹಾಕಿಸಿದ್ದಷ್ಟೇ, ಬಲಗಾಲಿನದನ್ನು ಗಂಗವ್ವ ರೆಬೆಕಾಳ ಕೈಯಿಂದ ಕಸಿದುಕೊಂಡರು.

"ಕೂಸು ಎಲ್ಲೂ ಬರಂಗಿಲ್ಲ. ಮಣ್ಣಿಗೆ ಹೋಗೋ ಮಂದಿ ಹೋಗ್ರಿ."

ನಾಲ್ಕು ವರ್ಷದ ಇಂಚರಾ ಬೆಂಚಿನ ಮೇಲೆ ಕೂತು ಇಬ್ಬರ ಮುಖವನ್ನೂ ನೋಡಿದಳು. ಅಜ್ಜಿಗೂ ಈ ಆಂಟಿಗೂ ಯಾಕೆ ಜಗಳ ಎಂಬುದು ಅವಳಿಗೆ ತಿಳಿಯದು. ಅವಳ ಪಾಲಿಗೆ ಅಮ್ಮ ಬಾಗಲಕೋಟೆಗೆ ಹೋಗಿದ್ದಾಳೆ. ನಿಜಕ್ಕೆ ಅವಳಮ್ಮ ಸೌಭಾಗ್ಯ ಅಡುಗೆಮನೆಯಲ್ಲಿ ತಲೆ ಹಿಡಿದುಕೊಂಡು ಕುಸಿದಿದ್ದಳು, ಆಸ್ಪತ್ರೆಯಲ್ಲಿ ಎಚ್ಚರವಾಗದೆಯೇ ತೀರಿಹೋಗಿದ್ದಳು. ಜರ್ಮನಿಯ ಈ ಎರ್ಲಾಂಗೆನ್ ಊರಿನ ಸ್ಮಶಾನದಲ್ಲಿ ಜಾಗ ಸಿಗಲು ವಾರಕ್ಕೂ ಮೇಲೆ ಹಿಡಿಯಿತು. ಅಷ್ಟೂ ದಿನ ಮನೆಯವರೆಲ್ಲ ಸೇರಿ ಮಗುವಿಗೆ ಹೇಳುತ್ತ ಬಂದ ಸುಳ್ಳು ಈ ಬಾಗಲಕೋಟೆ.

"ಚೇತನ್, ಇದೆಂತ ಮಾರಾಯ್ರೆ? ಇನ್ನೂ ಹೇಳಲಿಲ್ಲವಾ ಅವಳಿಗೆ?" ಎಂದಳು ಸೌಭಾಗ್ಯಳ ಗೆಳತಿ ರೆಬೆಕಾ.

ಸೌಭಾಗ್ಯಳ ಗಂಡ, ಗಂಗವ್ವನ ಮಗ ಚೇತನಕುಮಾರ ಕಪ್ಪು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. "ಸಣ್ಣಾಕಿ ಅದಾಳ್ರಿ. ಆಕಿಗೇನ್ ತಿಳೀತದ? ನಿಮ್ಮ ಮೆಲ್ವಿನ್ ಪಾರ್ಕಿಗೆ ಕರ್ಕೊಂಡು ಹೋಗ್ತಾನ. ಆಕಿ ಆಟದಾಗ ಇದ್ದಾಗ ನಾವು ಸುಮ್ಮನ ಹೋಗಿ ಬಂದುಬಿಡೋಣ."

ಸುಮ್ಮನೆ ಹೋಗಿ ಬಂದುಬಿಡುವುದು! ರೆಬೆಕಾಳಿಗೆ ಮೈಯೆಲ್ಲ ಉರಿದುಹೋಯಿತು.

*

ಬಾಗಲಕೋಟೆಯಲ್ಲಿ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದ ಸೌಭಾಗ್ಯ, ಗಂಡನಿಗೆ ಸಿಕ್ಕ ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾದ ಬೆನ್ನಿಗೆ ಈ ಊರಿಗೆ ಬಂದವಳು. ಒಂದೆರಡು ಚಳಿಗಾಲ ಕಿಟಕಿ ಎದುರು ಕೂತು ಸಾಕಾಯಿತು. ಜರ್ಮನ್ ಕಲಿತು ಶಿಶುಶಿಕ್ಷಕಿಯ ತರಬೇತಿಗೆ ಸೇರಿದಳು. ಉಡುಪಿಯ ರೆಬೆಕಾ ಅವಳಿಗೆ ಸಿಕ್ಕಿದ್ದು ಅಲ್ಲೇ. ಕೆಲವು ದಿನ ತರಗತಿ, ಉಳಿದ ದಿನ ಕಿಟಾದಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ ಕೆಲಸ.

ಕನ್ನಡ ಕೂಟದ ಊಟದಲ್ಲಿ ಯಾರೋ ವಿಚಾರಿಸಿದಾಗ ಚೇತನಕುಮಾರ, "ಮಂದಿ ಮಕ್ಕಳ ಕುಂಡಿ ತೊಳಿಯೋ ಕೋರ್ಸ್ ಮಾಡಾಕತ್ತಾಳ" ಎಂದು ನಕ್ಕಿದ್ದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಸೌಭಾಗ್ಯ ರೊಟ್ಟಿ ಮುರಿಯುತ್ತ ತಲೆ ತಗ್ಗಿಸಿಕೊಂಡು ಕೂತಿದ್ದಳು. ಆ ನಗು ರೆಬೆಕಾಳಿಗೆ ಇವತ್ತಿಗೂ ಅರಗಿಲ್ಲ.

ಕಿಟಾಕ್ಕೆ ಹೋದ ಹೊಸದರಲ್ಲೇ ಸೌಭಾಗ್ಯ ಒಂದು ಎಡವಟ್ಟು ಮಾಡಿಕೊಂಡಳು. ಎಮಿಲ್ ಎಂಬ ಪುಟ್ಟ ಹುಡುಗ ತಾಯಿಯ ಕೋಟು ಬಿಡುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಮಾಡುವಂತೆಯೇ ಇವಳು ಅವನನ್ನು ಎತ್ತಿಕೊಂಡು ಕಿಟಕಿಯಲ್ಲಿ ಕಾಗೆ ತೋರಿಸಿದಳು, ಬೆನ್ನ ಹಿಂದೆ ಕೈಯಾಡಿಸಿ ತಾಯಿಗೆ ಹೋಗೆಂದು ಸನ್ನೆ ಮಾಡಿದಳು. ಹುಡುಗ ಅಳಲಿಲ್ಲ. ಗೆದ್ದೆ ಅಂದುಕೊಂಡಳು. ಆದರೆ ಮರುದಿನದಿಂದ ಅವನು ಊಟಕ್ಕೂ ಬಾಗಿಲ ಕಡೆ ಮುಖ ಮಾಡಿಯೇ ಕೂರತೊಡಗಿದ. ಇವಳು ಹತ್ತಿರ ಬಂದರೆ ಕಿರುಚತೊಡಗಿದ. ತಾಯಿ ಮಗುವಿಗೆ ಹೇಳಿಯೇ ಹೋಗಬೇಕು, ಅತ್ತರೆ ಅಳಲಿ ಎಂದು ಮೇಲ್ವಿಚಾರಕಿ ಗದರಿದರು.

ಅಂದು ಸಂಜೆ ಬಸ್‌ಸ್ಟಾಪಿನಲ್ಲಿ ಸೌಭಾಗ್ಯ ಅತ್ತಳು. "ನಮ್ಮವ್ವನೂ ಹಿಂಗ ಕಣ್ಣು ತಪ್ಪಿಸಿ ಸಂತಿಗೆ ಹೋಗ್ತಿದ್ಲು, ರೆಬೆಕಾ. ನಾ ಮನಿ ತುಂಬ ಹುಡುಕ್ತಿದ್ದೆ, ಟ್ರಂಕಿನ ಹಿಂದ ಸುದ್ದಾ. ಗೊತ್ತಿದ್ದೂ ಆ ಕೂಸಿಗೆ ಅದನ್ನ ಮಾಡಿದೆ ನೋಡು."

ಆಮೇಲೆ ಅವಳು ತನ್ನ ಮಗಳಿಗೂ ಹೇಳದೆ ಹೊಸ್ತಿಲು ದಾಟಿದವಳಲ್ಲ. ಕಸ ಹಾಕಲು ಕೆಳಗಿಳಿದರೂ ಹೇಳಿಯೇ ಇಳಿಯುತ್ತಿದ್ದಳು. ಅಂಥವಳನ್ನು ಈಗ ಎಲ್ಲರೂ ಸೇರಿ, ಮಗಳಿಗೆ ಹೇಳದೆ ಹೋದವಳನ್ನಾಗಿ ಮಾಡಿಬಿಟ್ಟಿದ್ದರು.

*

ಮೆಲ್ವಿನ್ ಬಾಗಿಲಲ್ಲಿ ಚೆಂಡು ಹಿಡಿದು ನಿಂತಿದ್ದ. "ಬಾ ಇಂಚರಾ, ಪಾರ್ಕಿಗೆ ಹೋಗುವ" ಎಂದ.

"ನೀನು ಬಾಯಿ ಮುಚ್ಚು! ಚೆಂಡು ಬೇರೆ ತಂದಿದ್ದಾನೆ, ನಾಚಿಕೆ ಇಲ್ಲದವ!" ರೆಬೆಕಾ ಗಂಡನ ಮೇಲೆ ಹರಿಹಾಯ್ದಳು.

ಇಂಥ ಮಾತನ್ನು ಮಗುವಿನ ಪಕ್ಕದಲ್ಲಿ ಕೂತು, ಕೈ ಹಿಡಿದು, ನಿಧಾನಕ್ಕೆ ಹೇಳಬೇಕೆಂದು ಗೆಳತಿಯರಿಬ್ಬರೂ ಒಟ್ಟಿಗೇ ಕಲಿತಿದ್ದರು. ಕಲಿತದ್ದೆಲ್ಲ ಆ ಹೊತ್ತಿಗೆ ರೆಬೆಕಾಳ ತಲೆಯಿಂದ ಹಾರಿಹೋಗಿತ್ತು.

"ಊರಿಗೆ ಹೋಗಿದ್ದಾಳಂತೆ! ಮಗಳಿಗೆ ಒಂದು ಮಾತು ಹೇಳದೆ ಊರಿಗೆ ಹೋಗುವ ಹೆಂಗಸಾ ಸೌಭಾಗ್ಯ? ಸತ್ತುಹೋಗಿದ್ದಾಳೆ ಅಂತ ಹೇಳ್ಲಿಕ್ಕೆ ನಿಮಗೆಲ್ಲ ಎಂತ ದಾಡಿ?"

ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡರು.

"ಟೋಟ್?" ಎಂದಳು ಇಂಚರಾ. ಸತ್ತಿದ್ದಾಳಾ ಎಂದು ಜರ್ಮನ್‌ನಲ್ಲಿ ಕೇಳಿದ್ದು. ಕಿಟಾದ ಮೊಲ ಸತ್ತಾಗ ಕಲಿತ ಮಾತು.

ರೆಬೆಕಾ ಅವಳೆದುರು ಮೊಣಕಾಲೂರಿ ಕೂತು ಹೌದೆಂದಳು. ಹೇಳಿದ ರೀತಿಗೆ ಅವಳಿಗೆ ನಾಚಿಕೆಯಾಯಿತು, ಹೇಳಿದ್ದಕ್ಕೆ ಆಗಲಿಲ್ಲ.

ಮಗು ಅಪ್ಪನ ಕಡೆ ತಿರುಗಿತು. "ಪಪ್ಪಾ, ನೀ ಬಾಗಲಕೋಟಿ ಅಂದಿದ್ದಿ."

ಚೇತನಕುಮಾರ ಗೋಡೆ ನೋಡಿದ. ಗಂಗವ್ವನೇ ಬಗ್ಗಿ ಮೊಮ್ಮಗಳ ಕಾಲಿಗೆ ಇನ್ನೊಂದು ಬೂಟು ಹಾಕಿಸಿದರು.

*

ಸ್ಮಶಾನಕ್ಕೆ ಚೇತನನ ಆಫೀಸಿನವರು, ಕನ್ನಡ ಕೂಟದವರು, ಕಿಟಾದ ಶಿಕ್ಷಕಿಯರು ಬಂದಿದ್ದರು. ಕೂರಿಸಿ ಮಣ್ಣು ಮಾಡುವ ಲಿಂಗಾಯತ ಪದ್ಧತಿಗೆ ಇಲ್ಲಿ ಯಾರೂ ಒಪ್ಪಿರಲಿಲ್ಲ. ಮಲಗಿಸಿದ ಹಾಗೆಯೇ ಹಣೆಗೆ ವಿಭೂತಿ ಬಳಿದು ಪೆಟ್ಟಿಗೆ ಮುಚ್ಚಿದ್ದರು. ಕೂಟದವರೊಬ್ಬರ ತಂದೆ, ಮಗನ ಮನೆಗೆಂದು ಊರಿಂದ ಬಂದಿದ್ದ ದುಂಡಪ್ಪ, ತಮಗೆ ಬಂದಷ್ಟು ಮಂತ್ರ ಹೇಳಿ ಹಿಂದೆ ಸರಿದರು.

"ಪಾಪ, ಮನಿಯಾಗ ಇರ್ತಿದ್ಲಂತ. ಹೌಸ್‌ವೈಫ್" ಎಂದು ಅವರು ಪಕ್ಕದವರಿಗೆ ಹೇಳುವುದು ರೆಬೆಕಾಳ ಕಿವಿಗೆ ಬಿತ್ತು.

"ಟೀಚರ್ ಆಗಿದ್ದಳು" ಎಂದಳು.

"ಕಿಟಾದಾಗ ಅಲ್ಲೇನವಾ?"

"ಹೌದು, ಕಿಟಾದಲ್ಲಿಯೇ. ನಿಮ್ಮ ಮೊಮ್ಮಗನಿಗೆ ಚಮಚ ಹಿಡಿಲಿಕ್ಕೆ ಕಲಿಸಿದ್ದು ಯಾರು ಅಂತ ಮನೆಗೆ ಹೋಗಿ ಕೇಳಿ."

ಪೆಟ್ಟಿಗೆ ಗುಂಡಿಗಿಳಿಯಿತು. ಪಕ್ಕದಲ್ಲಿ ಮರದ ಸ್ಟ್ಯಾಂಡಿನ ಮೇಲೆ ಬೋಗುಣಿ ತುಂಬ ಮಣ್ಣು, ಅದರಲ್ಲೊಂದು ಚಿಕ್ಕ ಸಲಿಕೆ ಇಟ್ಟಿದ್ದರು. ಮಣ್ಣು ಕೊಡಿಸಲೆಂದು ಚೇತನಕುಮಾರ ಮಗಳನ್ನು ಎತ್ತಿಕೊಳ್ಳಲು ಹೋದ. ಅವಳು ಕೊಸರಿಕೊಂಡು, ತುದಿಗಾಲಲ್ಲಿ ನಿಂತು ಸಲಿಕೆ ಎಳೆದುಕೊಂಡಳು. ಮಣ್ಣು ತುಂಬಿದ ಸಲಿಕೆಯನ್ನು ಅಪ್ಪನ ಮೈಮೇಲೆ ಬೀಸಿದಳು.

"ನೀ ಸುಳ್ಳ ಹೇಳಿದಿ!"

ಕಪ್ಪು ಕೋಟಿನ ಮೇಲೆ ಮಣ್ಣು ಚದುರಿತು. ಯಾರೋ ಹಾ ಎಂದರು. ಗಂಗವ್ವ ಮುಂದೆ ಬರಹೋದರು. ರೆಬೆಕಾ ಅವರ ತೋಳು ಹಿಡಿದು ನಿಲ್ಲಿಸಿದಳು. ಇಂಚರಾ ಮತ್ತೊಮ್ಮೆ ತುಂಬಿ ಬೀಸಿದಳು. ಈ ಸಲ ಅವನ ಮುಖಕ್ಕೂ ಬಿತ್ತು.

ಮೂರನೆಯ ಸಲ ಅವಳ ಕೈಗೆ ಮಣ್ಣು ಎಟುಕಲಿಲ್ಲ. ಚೇತನಕುಮಾರ ಬೋಗುಣಿ ಕೆಳಗಿಳಿಸಿ, ಕೆಸರಿನಲ್ಲಿ ಮೊಣಕಾಲೂರಿ, ಅದನ್ನು ಅವಳ ಮುಂದೆ ಹಿಡಿದ. "ಹೌದವಾ. ಸುಳ್ಳ ಹೇಳಿದೆ" ಎಂದ.

ಇಂಚರಾ ಸಲಿಕೆ ತುಂಬಿಕೊಂಡು ಅವನ ಮುಖವನ್ನೇ ನೋಡಿದಳು. ಆಮೇಲೆ ಗುಂಡಿಯ ಅಂಚಿಗೆ ಹೋಗಿ, ದಿನಾ ಕಿಟಾದ ಬಾಗಿಲಲ್ಲಿ ಅಮ್ಮನನ್ನು ಬೀಳ್ಕೊಡುವಾಗ ಕೂಗುವಷ್ಟೇ ಗಟ್ಟಿಯಾಗಿ "ಚ್ಯೂಸ್, ಮಮ್ಮಿ" ಎಂದು ಮಣ್ಣು ಸುರಿದಳು. ಮತ್ತೆ ತುಂಬಿಕೊಳ್ಳಲು ಹಿಂದಿರುಗಿದಳು. ಚೇತನಕುಮಾರ ಮುಖದ ಮಣ್ಣು ಒರೆಸಿಕೊಳ್ಳದೆ ಬೋಗುಣಿಯನ್ನು ಅವಳೆತ್ತರಕ್ಕೆ ಹಿಡಿದುಕೊಂಡೇ ಇದ್ದ.